ಮುಗಿಯುವ ಮೊದಲೇ ಒಡೆದ ಕುಂಬಳಕಾಯಿ

ಕಳೆದ ಅಮಾವಾಸ್ಯೆಯ ಸಂಜೆ ರಾಯಚೂರಿನ ಬಜಾರಿನಲ್ಲಿ ಅಂಗಡಿಯವನೊಬ್ಬ ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ, ದೃಷ್ಟಿ ತೆಗೆದು, ರಸ್ತೆಗೆ ಒಡೆದ. ಹಸಿ ತಿರುಳಿನ ವಾಸನೆ, ಅದರೊಳಗೆ ಬೆರೆತ ಸುಟ್ಟ ಕರ್ಪೂರದ ವಾಸನೆ... ನಾನು ಕಂಬ ಹಿಡಿದು ನಿಂತುಬಿಟ್ಟೆ. ಆ ವಾಸನೆ ಬಂದರೆ ನನಗೆ ಇಂದಿಗೂ ಚೀಕಲಪರ್ವಿಯ ಹೊಳೆದಂಡೆ ನೆನಪಾಗುತ್ತದೆ, ಮತ್ತು ನಮ್ಮ ಮ್ಯಾನೇಜರ್ ಸಾಹೇಬರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಗಿರಣಿಯ ಸಾಹುಕಾರರು ಒಂದು ಸಿನಿಮಾಕ್ಕೆ ದುಡ್ಡು ಹಾಕಿದ್ದರು. ದುಡ್ಡು ಹಾಕಿದವರ ಕಡೆಯವನೊಬ್ಬ ಶೂಟಿಂಗ್ ಜಾಗದಲ್ಲಿ ಇರುವುದು ಆ ವ್ಯವಹಾರದ ರೂಢಿ. ಹಾಗೆ ನನ್ನನ್ನು ಮಾನ್ವಿ ಹತ್ತಿರದ ಚೀಕಲಪರ್ವಿಗೆ ಕಳಿಸಿದರು. ಯೂನಿಟ್ಟಿನವರಿಗೆ ಬಾಟಾ, ಅಂದರೆ ದಿನಭತ್ಯೆ, ಹಂಚುವ ಚೀಲ ನನ್ನ ಹೆಗಲಲ್ಲಿರುತ್ತಿತ್ತು.

ಉಳಿದದ್ದೆಲ್ಲ ಪ್ರೊಡಕ್ಷನ್ ಮ್ಯಾನೇಜರ್ ಸಾಹೇಬರದು. ರಾಯಚೂರಿನವರೇ; ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ನಮ್ಮ ಕನ್ನಡ. ಮದ್ರಾಸಿನ ಸ್ಟುಡಿಯೊಗಳಲ್ಲಿ ಬಹಳ ವರ್ಷ ದುಡಿದು ಬಂದಿದ್ದರು. ಯಾರಿಗೆ ಎಲ್ಲಿ ಊಟ, ಜೀಪಿಗೆ ಡೀಸೆಲ್, ಜಾತ್ರೆ ಸೀನಿಗೆ ದೇವದುರ್ಗದಿಂದ ಎತ್ತಿನ ಬಂಡಿ, ಮದುವೆ ಸೀನಿಗೆ ಊರ ಜನ, ಎಲ್ಲವನ್ನೂ ಅವರೇ ಹೊಂದಿಸುತ್ತಿದ್ದರು. ಈ ಚಿತ್ರ ಮುಗಿದರೆ ಮುಂದಿನದಕ್ಕೆ ಅವರನ್ನೇ ಪಾಲುದಾರರನ್ನಾಗಿ ಮಾಡುವುದಾಗಿ ಸಾಹುಕಾರರು ಮಾತು ಕೊಟ್ಟಿದ್ದರು.

ಶೂಟಿಂಗಿನ ಮೊದಲ ದಿನವೇ ದೇವದುರ್ಗದ ಸಂತೆಯಿಂದ ಒಂದು ಬೂದುಗುಂಬಳಕಾಯಿ ತಂದು ಜೀಪಿನ ಹಿಂದೆ ಗೋಣಿ ಹಾಸಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ಚಿತ್ರೀಕರಣ ಪೂರ್ತಿ ಮುಗಿದ ದಿನ ಅದನ್ನು ಒಡೆಯುವುದು ಸಿನಿಮಾದವರ ಪದ್ಧತಿ. ಒಡೆದ ಮೇಲೆ ಮುಗಿಯಿತು. ಮತ್ತೆ ಯಾರೂ ಕ್ಯಾಮೆರಾ ಮುಟ್ಟುವುದಿಲ್ಲ. ಇಷ್ಟು ಬೇಗ ಯಾಕೆ ತಂದಿರಿ ಎಂದು ಕೇಳಿದ್ದೆ.

"ಇದು ಕಣ್ಣಮುಂದಿದ್ರ, ಪಿಕ್ಚರ್ ಮುಗಿತದ ಅಂತ ಹುಡುಗರಿಗೆ ಧೈರ್ಯರೀ," ಎಂದಿದ್ದರು.

ಕೊನೆಯ ದಿನ ಉಳಿದಿದ್ದದ್ದು ಒಂದೇ ದೃಶ್ಯ. ಮದುವೆ ದಿಬ್ಬಣ ಮೂರು ಹರಿಗೋಲುಗಳಲ್ಲಿ ತುಂಗಭದ್ರೆಯನ್ನು ದಾಟಬೇಕು. ನಾಯಕನ ಕಾಲ್‌ಶೀಟ್ ಅಂದು ಸಂಜೆಗೆ ಮುಗಿಯುತ್ತಿತ್ತು. ಈ ದೃಶ್ಯ ನೋಡದೆ ವಿತರಕ ಮುಂಗಡ ಕೊಡುವುದಿಲ್ಲ. ಮುಂಗಡ ಬಾರದೆ ಮತ್ತೊಮ್ಮೆ ಯೂನಿಟ್ ಕರೆಸಲು ಸಾಹುಕಾರರ ಹತ್ತಿರ ಹಣವಿಲ್ಲ. ಅದಕ್ಕೇ ಅವರು ಸ್ವತಃ ಬಂದು ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಿರಿಯ ಅಂಬಿಗ ಬಂದು ಮ್ಯಾನೇಜರ್ ಸಾಹೇಬರ ಪಕ್ಕ ನಿಂತ. "ಸಾಹೇಬ್ರ, ನೀರು ಕೆಂಪಾಗಾಕತ್ತದ. ಮ್ಯಾಲ ಡ್ಯಾಮಿನ್ಯಾಗ ಬಿಟ್ಟಿರಬೇಕು. ಇವತ್ತ ಬ್ಯಾಡ್ರಿ."

ನಾನೂ ನೀರು ನೋಡಿದೆ. ನೊರೆ ಬರುತ್ತಿತ್ತು, ಮುರಿದ ಜಾಲಿಕೊಂಬೆಗಳು ಬರುತ್ತಿದ್ದವು. ಸಾಹೇಬರು ಹೋಗಿ ನಿರ್ದೇಶಕರಿಗೆ ಹೇಳಿದರು. ನಿರ್ದೇಶಕರು ಸಾಹುಕಾರರ ಮುಖ ನೋಡಿದರು.

"ಹೊಳಿ ಏನ್ ಇವತ್ತ ಹುಟ್ಯಾದೇನ್ರೀ?" ಎಂದರು ಸಾಹುಕಾರರು. "ಬಿಸಿಲು ಹೊಂಟದ. ಒಂದ ಸಲ ಹೋಗಿ ಬರ್ಲಿ."

ಹರಿಗೋಲುಗಳಲ್ಲಿ ಜನ ಆಗಲೇ ತುಂಬಿದ್ದರು, ಮಡಿಲಲ್ಲಿ ಮಕ್ಕಳು. ಸಾಹೇಬರು ನೀರಿಗಿಳಿದು, ಇಳಿಯಿರಿ ಎಂದು ಒಂದೊಂದು ಹರಿಗೋಲಿಗೂ ಹೋಗಿ ಬೇಡಿಕೊಂಡರು. ಮೂಗುತಿಯ ಹೆಂಗಸೊಬ್ಬಳು ಕೂತಲ್ಲಿಂದಲೇ ಹೇಳಿದಳು:

"ನಸುಕಿನ್ಯಾಗ ಎದ್ದು ಧಾರಿ ಸೀರಿ ಉಟ್ಟೀನಿ ಯಪ್ಪಾ. ಟಾಕೀಜಿನ್ಯಾಗ ನನ್ನ ಮಾರಿ ಕಾಣೂತನಕ ನಾ ಇಳಿಯಂಗಿಲ್ಲ."

ಎಲ್ಲರೂ ನಕ್ಕರು. ನಕ್ಕಾಗ ಹರಿಗೋಲು ತೂಗಿತು. ಅಂಬಿಗರು ನಗಲಿಲ್ಲ, ಹಗ್ಗ ಹಿಡಿದು, ಬಿಡಲು ಸನ್ನೆ ಯಾವಾಗ ಬರುತ್ತದೋ ಎಂದು ನಿರ್ದೇಶಕರ ಕೈ ನೋಡುತ್ತಿದ್ದರು.

ಸಾಹೇಬರು ತೊಯ್ದ ಪಾಯಿಜಾಮದಲ್ಲೇ ಜೀಪಿನ ಹತ್ತಿರ ಬಂದರು. ಕಾಯಿಯ ನೆತ್ತಿಗೆ ಚಾಕುವಿನಿಂದ ತೂತು ಕೊರೆದರು. ನನ್ನ ಚೀಲಕ್ಕೆ ಕೈ ಹಾಕಿ ಹಿಡಿ ತುಂಬ ಚಿಲ್ಲರೆ ತೆಗೆದು ಅದರೊಳಗೆ ಸುರಿದರು.

"ಕುಂಬಳಕಾಯಿ ಖರ್ಚು ಅಂತ ಬರಕೋರಿ," ಎಂದರು. ಕರ್ಪೂರ ಹಚ್ಚಲು ಮೂರು ಕಡ್ಡಿ ಗೀರಬೇಕಾಯಿತು.

ಕ್ಯಾಮೆರಾದ ಹಿಂದೆ, ದಡದ ಮೇಲೆ ಒಂದು ಬಂಡೆಯಿತ್ತು. ಎರಡೂ ಕೈಯಿಂದ ಎತ್ತಿ ಅದರ ಮೇಲೆ ಅಪ್ಪಳಿಸಿದರು. ನಾಣ್ಯಗಳು ಬಂಡೆಯ ಮೇಲೆ ಚೆಲ್ಲಾಡಿದ ಸದ್ದು ಹೊಳೆಯ ತನಕ ಕೇಳಿತು.

ಮೊದಲು ಹಾರಿದ್ದು ಮಕ್ಕಳು. ದೃಷ್ಟಿಕಾಯಿಯ ದುಡ್ಡು ಆಯುವುದನ್ನು ಅವಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ಮೊಣಕಾಲು ನೀರಿನಲ್ಲಿ ದುಡುದುಡು ಓಡಿ ದಡ ಹತ್ತಿದವು. ಅವುಗಳ ಹಿಂದೆ ಬೈಯುತ್ತ ತಾಯಂದಿರು. ಮೂಗುತಿಯವಳು ಎಲ್ಲರಿಗಿಂತ ಕೊನೆಗೆ ಇಳಿದಳು, ಸೀರೆಯ ನೆರಿಗೆ ಎತ್ತಿ ಹಿಡಿದು. ಇತ್ತ ಮದ್ರಾಸಿನ ಲೈಟ್ ಹುಡುಗರು ಏನೂ ಕೇಳದೆ ರಿಫ್ಲೆಕ್ಟರ್ ಮಡಚಿದರು. ಕ್ಯಾಮೆರಾದ ಹುಡುಗ ಲೆನ್ಸ್ ಮುಚ್ಚಿ, ಅದಕ್ಕೆ ಕೈ ಮುಗಿದ.

ಸಾಹುಕಾರರು ಎದ್ದು ನಿಂತಿದ್ದರು. ಒಡೆದ ಕಾಯಿ ದಾಟಿ ಕೆಲಸ ಮಾಡಿಸುವ ಧೈರ್ಯ ಅವರಿಗೂ ಇರಲಿಲ್ಲ. "ಏನ್ ಮಾಡಿದ್ರಿ ಮ್ಯಾನೇಜರ್ರ?" ಎಂದಷ್ಟೇ ಕೇಳಿದರು.

"ಪಿಕ್ಚರ್ ಮುಗಿತ್ರೀ, ಸಾವ್ಕಾರ್ರ."

ನಾನು ಕಂಡಷ್ಟೇ ಹೇಳುತ್ತೇನೆ. ಜೀಪಿಗೆ ಸಾಮಾನು ಏರಿಸುವಷ್ಟರಲ್ಲಿ ನೀರು ಹಗ್ಗ ಕಟ್ಟಿದ ಗೂಟಗಳನ್ನು ಮುಳುಗಿಸಿತು. ಅಂಬಿಗರು ಎರಡು ಹರಿಗೋಲು ಎಳೆದುಕೊಂಡರು. ಮೂರನೆಯದು, ಚೆಂಡುಹೂವಿನ ಮಾಲೆ ಕಟ್ಟಿದ್ದು, ಕಿತ್ತುಕೊಂಡು ಬುಗುರಿಯಂತೆ ತಿರುಗುತ್ತ ಹೋಯಿತು. ತಿರುವಿನವರೆಗೂ ಕಂಡಿತು, ಆಮೇಲೆ ಕಾಣಲಿಲ್ಲ. ಅದರಲ್ಲಿ ಜನ ಇದ್ದಿದ್ದರೆ ಅಂಬಿಗರು ಹೇಗೋ ದಾಟಿಸುತ್ತಿದ್ದರೇನೋ... ನನಗೆ ಗೊತ್ತಿಲ್ಲ. ಅಂಬಿಗರೇ ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳಿದರು.

ಚಿತ್ರ ಪೂರ್ತಿಯಾಗಲಿಲ್ಲ. ರೀಲಿನ ಡಬ್ಬಿಗಳು ಮದ್ರಾಸಿನ ಲ್ಯಾಬಿನಲ್ಲೇ ಉಳಿದವು. ಸಾಹುಕಾರರು ಸಾಹೇಬರನ್ನು ಒಂದು ಮಾತೂ ಬೈಯಲಿಲ್ಲ, ಮತ್ತೆ ಕರೆಯಲೂ ಇಲ್ಲ. ಶೂಟಿಂಗ್ ಮುಗಿಯುವ ಮೊದಲೇ ಕಾಯಿ ಒಡೆದ ಮ್ಯಾನೇಜರ್ ಎಂಬ ಸುದ್ದಿ ಅವರಿಗಿಂತ ಮೊದಲೇ ಮದ್ರಾಸ್ ಮುಟ್ಟಿತ್ತು. ಯಾವ ಕಂಪನಿಯೂ ಕೆಲಸ ಕೊಡಲಿಲ್ಲ.

ಎಂಬತ್ತರ ದಶಕದಲ್ಲಿ ಅವರು ರಾಯಚೂರಿನ ಒಂದು ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿಯುತ್ತ ನಿಂತಿರುತ್ತಿದ್ದರು. ಒಮ್ಮೆ ಇಂಟರ್ವಲ್ಲಿನಲ್ಲಿ ಇಬ್ಬರೂ ಚಹಾ ಕುಡಿದೆವು. ಆ ದಿನದ ಮಾತು ನಾನು ಎತ್ತಲಿಲ್ಲ, ಅವರೇ ಎತ್ತಿದರು.

"ಆ ಮೂಗುತಿ ಹೆಣ್ಮಗಳ ಮಾರಿ ಪರದೆ ಮ್ಯಾಲ ತೋರಸಾಕ ಆಗಲಿಲ್ಲ ನೋಡ್ರಿ..." ಎಂದು ಕಪ್ಪು ಕೆಳಗಿಟ್ಟು ಗೇಟಿಗೆ ಹೋದರು. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಿಂಗಳುಗಳಾದ ಮೇಲೆ.

ಕಳೆದ ಅಮಾವಾಸ್ಯೆಯಂದು ಅಂಗಡಿಯ ಮುಂದೆ ಕಾಯಿ ಒಡೆದಾಗ ಆಚೆ ಬದಿಯಿಂದ ಒಂದು ಮಗು ನಾಣ್ಯಕ್ಕೆಂದು ಓಡಿ ಬಂತು. ಆಟೋಗಳ ನಡುವೆ ಅದರ ತಾಯಿ, ಕೂಗುತ್ತ. ಇಬ್ಬರೂ ಈ ಕಡೆ ಮುಟ್ಟುವ ತನಕ ನಾನು ಕಂಬ ಬಿಡಲಿಲ್ಲ. ಆಮೇಲೆ, ಇಬ್ಬರೂ ಮುಟ್ಟಿದರೆಂದು ಸಾಹೇಬರಿಗೆ ಹೇಳಲು ಪಕ್ಕಕ್ಕೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ.