ಮರಿಗೌಡ ಮಾವನ ನಾನೂರ ಹನ್ನೆರಡು

ದೆವ್ವ, ಗಾಳಿ ಎಂದವರನ್ನು ಅವರದೇ ಧ್ವನಿಯಲ್ಲಿ ಅಣಕಿಸಿ ನಗಿಸುತ್ತಿದ್ದವನು ನಾನು. ನನ್ನ ಕೀರಲು ಗಂಟಲನ್ನೂ ಬಿಡುತ್ತಿರಲಿಲ್ಲ. ಈಗ ಹೇಳುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ಆ ಮಧ್ಯಾಹ್ನದವರೆಗೆ ನಾನೂ ನಂಬುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆ. ಮದ್ದೂರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯ ಸಿದ್ದರಾಜು ಬೆಂಗಳೂರಿನಿಂದ ಒಂದು ಎಲೆಕ್ಟ್ರಾನಿಕ್ ಚಿಪ್ಪು ತಂದಿದ್ದ. ನಲವತ್ತು ಕಾಲಿನ ಕಪ್ಪು ಜರಿಯ ಹಾಗಿತ್ತು.

"ಧ್ವನಿಯಿಂದ ಬರೋ ಕರೆಂಟು ಏರ್ತಾ ಇಳೀತಾ ಇರ್ತದೆ ಕಣ್ಲಾ. ಅದ್ನ ಅಳ್ಯೋದು, ಅಂಕಿ ಮಾಡೋದು, ಎರಡೂ ಇದೊಂದ್ರೊಳಗೇ!" ಎಂದು ಬೀಗುತ್ತಿದ್ದ. ಅದನ್ನು ಒಂದು ಪೆಟ್ಟಿಗೆಯೊಳಗೆ ಕೂರಿಸಿ ಮೈಕು ಜೋಡಿಸಿದ್ದ. ಮೈಕಿಗೆ ಕೂಗಿದರೆ ಪೆಟ್ಟಿಗೆಯ ಮೇಲೆ ಕೆಂಪು ಅಂಕಿ ಮೂಡುತ್ತಿತ್ತು. ಬಾಯಿ ಮುಚ್ಚಿದರೆ ಸೊನ್ನೆ.

ಅವನ ತಂದೆ ಮರಿಗೌಡರು, ನನಗೆ ಮಾವ, ಮಂಡ್ಯದ ಬೆಲ್ಲದ ಮಂಡಿಯಲ್ಲಿ ಹರಾಜು ಕೂಗುವವರು. ಆ ಗಂಟಲೇ ಅವರ ಅನ್ನ. ಎಷ್ಟು ಸಲ ಕೂಗಿದರೂ ಅವರ ಅಂಕಿ ಒಂದೇ, ೪೧೨. ಅವರಂತೆ ಕೂಗುವ ನನ್ನ ಅಣಕಿಗೆ ಮನೆಯವರೆಲ್ಲ ಏಮಾರುತ್ತಿದ್ದರು, ಪೆಟ್ಟಿಗೆ ಮಾತ್ರ ಏಮಾರಲಿಲ್ಲ: ೩೮೦, ೪೪೦.

ಮೂರನೇ ಸಾರಿ ಕೂಗಿದರೆ ಮಾಲು ಕೊಂಡವನದು. ಅದಕ್ಕೇ ಮಾವ ಎಚ್ಚರಿಸುತ್ತಿದ್ದರು: "ಮುಂದೆ ಮಾಲಿಲ್ದೆ ಮೂರ್ಸಾರಿ ಅನ್ಬ್ಯಾಡ ಕಣ್ಲಾ. ಏನಾರ ಒಂದು ಕೈಬುಟ್ಟು ಓಯ್ತದೆ." ಮಂಡಿಯವರೆಲ್ಲರ ನಂಬಿಕೆ ಅದು.

ಮಾವನ ಗಂಟಲ ಗಂಟಿಗೆ ಆಪರೇಷನ್ ಆಗುವ ದಿನ ಸಿದ್ದರಾಜುವಿನ ಅಣ್ಣ ಆಸ್ಪತ್ರೆಗೆ ಹೋಗಿದ್ದ. ಮಧ್ಯಾಹ್ನ ಸಿದ್ದರಾಜು ಅಂಗಡಿಯಲ್ಲಿ ಮಂಕಾಗಿ ಕೂತಿದ್ದ. ನಗಿಸೋಣವೆಂದು ಮೈಕು ಹಿಡಿದು ಮಾವನಂತೆ, "ಒಂದ್ಸಾರಿ, ಎರಡ್ಸಾರಿ" ಎಂದೆ. ನನ್ನ ಕೊಬ್ಬು ನೋಡಿ, "ಮೂರ್ಸಾರಿ!" ಎಂದೂ ಕೂಗಿಬಿಟ್ಟೆ.

೪೧೨.

"ಸಾಕು ನಿಲ್ಸ್ಲಾ," ಎಂದ ಸಿದ್ದರಾಜು.

ನಾನು ಬಾಯಿ ಮುಚ್ಚಿಯಾಗಿತ್ತು. ಅಂಕಿ ಇಳಿಯಲಿಲ್ಲ. ಅವನು ಮೈಕಿನ ವೈರು ಕಿತ್ತ. ಆಗಲೂ ೪೧೨. ಗಂಟಲಲ್ಲಿ ಏನೋ ಬಂದು ಕೂತ ಹಾಗೆ ಭಾರ. ಎಷ್ಟೋ ಹೊತ್ತಿನ ಮೇಲೆ ಅಂಕಿ ಒಂದೊಂದಾಗಿ ಇಳಿದು ಸೊನ್ನೆಯಾಯಿತು.

ಸಂಜೆ ಅಣ್ಣ ಬಸ್ಸಿಳಿದು ಬಂದ. ಜೀವಕ್ಕೆ ಭಯವಿಲ್ಲವಂತೆ, ಧ್ವನಿ ಮಾತ್ರ ಇನ್ನು ಬರುವುದಿಲ್ಲವಂತೆ. ಸಿದ್ದರಾಜು ರಾತ್ರಿಯೇ ಪೆಟ್ಟಿಗೆ ಬಿಚ್ಚಿ ನೋಡಿದ. ಚಿಪ್ಪಿನಲ್ಲಿ ಏನೂ ದೋಷವಿರಲಿಲ್ಲ. ಕಾಕತಾಳೀಯ ಎಂದು ನನಗೆ ನಾನೇ ಅದೆಷ್ಟು ಸಲ ಹೇಳಿಕೊಂಡಿದ್ದೇನೋ.

ತಿಂಗಳಾದ ಮೇಲೆ ನೋಡಲು ಹೋದಾಗ ಮಾವ ಸ್ಲೇಟಿನಲ್ಲಿ ಬರೆದು ತೋರಿಸಿದರು: "ನನ್ನಂಗೆ ಒಂದ್ಸಲ ಕೂಗ್ಲಾ. ಕೇಳ್ಬೇಕು." ಅವರ ಕಣ್ಣು ನನ್ನ ಗಂಟಲ ಮೇಲೆಯೇ ಇತ್ತು. ನಾನು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ನನ್ನ ಅಣಕು ಬರುತ್ತಿತ್ತೋ, ಅವರ ಧ್ವನಿಯೇ ಬರುತ್ತಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.