ಹುಳದ ದೀಪವೂ ಅರ್ಧ ಹೀರೆಕಾಯಿಯೂ

ನನ್ನ ಹೆಸರು ಸಂಪತ್‌ಕುಮಾರ. ಮೂಡುಬಿದಿರೆಯಿಂದ ಮಿಜಾರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಉಂಟು. ಕಾಲೇಜಿನ ಮಕ್ಕಳು ಓದದೆ ಬಿಟ್ಟ ಪಾಠಗಳನ್ನೆಲ್ಲ ಪ್ರತಿ ಮಾಡಿಕೊಡುವುದು ನನ್ನ ಕಸುಬು. ಈ ಕಾಗದಕ್ಕೆ ಎಷ್ಟು ಮರ ಉರುಳಿದವೋ ಎಂಬ ಕೊರಗು ಹತ್ತಿದ ಮೇಲೆ ನಾನು ಸೂರ್ಯನ ಬೆನ್ನು ಹಿಡಿದೆ. ಮೊದಲು ಮಾಡಿನ ಮೇಲೆ ನೀರು ಕಾಯಿಸುವ ಸೋಲಾರ್ ಬಂತು. ಆಟಿ ತಿಂಗಳ ಮಳೆಯಲ್ಲಿ, ಬಿಸಿನೀರು ಬೇಕೇ ಬೇಕು ಅನಿಸುವಾಗ, ಅದು ಶಿಸ್ತಾಗಿ ತಣ್ಣೀರು ಕೊಟ್ಟಿತು. ಆಮೇಲೆ ಬ್ಯಾಟರಿ ಸ್ಕೂಟರ್ ಬಂತು. ವೇಣೂರಿನ ಮದುವೆಗೆ ಹೊರಟ ದಿನ ಅದು ಏರಿನಲ್ಲಿ ನಿಂತೇಬಿಟ್ಟಿತು. ಹೆಂಡತಿ ವಿಮಲಾ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಹಿಂದಿನಿಂದ ದೂಡಿದಳು.

"ನೋಡು, ಒಂಚೂರು ಹೊಗೆ ಇಲ್ಲ" ಎಂದೆ.

"ನನ್ನ ತಲೆಯಿಂದ ಬರ್ತಾ ಉಂಟು, ನಿಮಗೆ ಕಾಣುವುದಿಲ್ಲ" ಎಂದಳು.

ನಾವು ಜೈನರು. ಹೊತ್ತು ಮುಳುಗುವ ಮೊದಲೇ ನಮ್ಮಲ್ಲಿ ಊಟ ಮುಗಿಯುತ್ತದೆ. ಊರಿನವರ ರಿಸೆಪ್ಶನ್ನಿಗೆ ಹೋದರೆ ಮೇಜಿಗೆ ಕಾಗದ ಹಾಸುವ ಮೊದಲೇ ಕೈತೊಳೆದು ಕೂತವರು ನಾವೇ ಎಂದು ತಿಳಿಯಿರಿ. ಕತ್ತಲಾದರೆ ದೀಪ ಬೇಕು, ದೀಪಕ್ಕೆ ಹುಳ ಬರುತ್ತದೆ, ಬಂದದ್ದು ಬಿದ್ದು ಸಾಯುತ್ತದೆ. ಅದಕ್ಕೇ ಈ ಅವಸರ. ವಿಮಲಾ ಇದರಲ್ಲಿ ನನಗಿಂತ ಗಟ್ಟಿ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಮೆಲ್ಲಗೆ ಬಾವಿಗೇ ಇಳಿಸಿ ಬಿಡುತ್ತಾಳೆ. ಇಂಥವಳ ಹಿತ್ತಿಲಲ್ಲಿ ವಿಷ ಹೊಡೆಯುವ ಮಾತೇ ಇಲ್ಲ. ಹಾಗಾಗಿ ನಾವು ನೆಟ್ಟ ಅಲಸಂಡೆ, ಬೆಂಡೆಗಳನ್ನು ಹುಳಗಳು ಉಂಡು, ಮಿಕ್ಕಿದ್ದನ್ನು ನಮಗೆ ಬಿಡುತ್ತಿದ್ದವು.

ಆ ವರ್ಷ ನಮ್ಮ ಬಸದಿಯಲ್ಲಿ ಸನ್ಯಾಸಿನಿಯಾದ ಒಬ್ಬರು ಮಾತಾಜಿ ಮಳೆಗಾಲದ ಚಾತುರ್ಮಾಸಕ್ಕೆ ಉಳಿದರು. ಅವರಿಗೆ ದಿನಕ್ಕೆ ಒಂದೇ ಹೊತ್ತು ಆಹಾರ. ಬೆಳಗ್ಗೆ ಮೌನವಾಗಿ ಬೀದಿಯಲ್ಲಿ ಬರುತ್ತಾರೆ. ಗೃಹಸ್ಥರು ಕಲಶ ಹಿಡಿದು ಬಾಗಿಲಲ್ಲಿ ನಿಂತು ಕರೆಯಬೇಕು. ಯಾವ ಮನೆಗೆ ಹೋಗುತ್ತಾರೆಂದು ಯಾರಿಗೂ ತಿಳಿಯದು. ತನ್ನ ಕೈಯಾರೆ ಬೆಳೆದದ್ದನ್ನು ಅವರಿಗೆ ಒಮ್ಮೆಯಾದರೂ ಬಡಿಸಬೇಕು ಎಂಬುದು ವಿಮಲಾಳ ಆಸೆ. ಅವಳು ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ ಆಸೆ ಬಹುಶಃ ಅದೊಂದೇ.

ಹುಳ ತಿಂದ ಬೆಂಡೆಯನ್ನು ಮಾತಾಜಿಗೆ ಕೊಡುವುದು ಹೇಗೆ? ನಾನು ಬೆಳ್ತಂಗಡಿಗೆ ಹೋದೆ. ಅಲ್ಲಿ ಸೋಲಾರ್ ಸಾಮಾನು ಮಾರುವ ನಿತ್ಯಾನಂದ ಒಂದು ಕಂಬದ ದೀಪ ತೋರಿಸಿದ.

"ವಿಷ ಇಲ್ಲ, ಕರೆಂಟ್ ಬಿಲ್ ಇಲ್ಲ ಅಣ್ಣ. ಕತ್ತಲಾದ ಕೂಡಲೇ ತನ್ನಷ್ಟಕ್ಕೆ ಹೊತ್ತಿಕೊಳ್ತದೆ. ಹುಳ ಎಲ್ಲ ಬೆಳಕಿಗೆ ಹೋಗ್ತದೆ, ತರಕಾರಿ ನಿಮಗೆ ಉಳೀತದೆ. ಕೆಳಗಿನ ಬೋಗುಣಿಗೆ ನೀರು ಹಾಕಿ ಆಗಾಗ ನೋಡ್ಕೊಳ್ಳಿ, ಅಷ್ಟೇ."

'ವಿಷ ಇಲ್ಲ' ಎಂಬಲ್ಲಿಗೇ ನನ್ನ ಕಿವಿ ತೃಪ್ತಿಪಟ್ಟು ಮುಚ್ಚಿಕೊಂಡಿತ್ತು. ಬೋಗುಣಿಯ ನೀರು ಹುಳಗಳಿಗೆ ಕುಡಿಯಲಿಕ್ಕೆ ಎಂದು ನಾನು ತಿಳಿದಿದ್ದೆ. ಹೇಳಿದರೆ ನೀವು ನಗುತ್ತೀರಿ, ನಕ್ಕುಬಿಡಿ. ದೀಪವನ್ನು ಹಿತ್ತಿಲ ಕೊನೆಯಲ್ಲಿ, ನಿಂಬೆಗಿಡದ ಹತ್ತಿರ ನೆಡಿಸಿದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಎಲ್ಲವೂ ತನ್ನಷ್ಟಕ್ಕೆ ಆಗುವಾಗ ನಾನು ಹೋಗಿ ಮಾಡುವುದೇನು?

ನವರಾತ್ರಿ ಕಳೆಯುವಷ್ಟರಲ್ಲಿ ಬೆಂಡೆ ಒಂದು ತೂತೂ ಇಲ್ಲದೆ ನಿಂತಿತು. ಅಂಗಡಿಗೆ ಬಂದವರಿಗೆಲ್ಲ ಪ್ರತಿಯ ಜೊತೆ ಅಹಿಂಸೆಯ ಕೃಷಿಯ ಬಗ್ಗೆ ಒಂದು ಭಾಷಣವೂ ಪುಕ್ಕಟೆ ಸಿಕ್ಕಿತು. ಹೀರೆಬಳ್ಳಿ ಮಾತ್ರ ಮೈತುಂಬ ಹೂ ಬಿಟ್ಟು, ಒಂದು ಕಾಯಿಯೂ ಕಚ್ಚದೆ ಎಲ್ಲವನ್ನೂ ಉದುರಿಸುತ್ತಿತ್ತು. ಮಣ್ಣಿನ ದೋಷ ಎಂದು ಸೆಗಣಿನೀರು ಹಾಕಿದೆ.

ವಿಮಲಾ ಆಹಾರಕ್ಕೆ ಅಣಿಮಾಡಿದ ದಿನ ಬಂತು. ಬೆಳಗ್ಗೆ ಮಿಂದು, ಮಡಿಯುಟ್ಟು, ಬೆಂಡೆ ಅಲಸಂಡೆ ಬೇಯಿಸಿಟ್ಟು, "ಒಂದು ನಿಂಬೆಹಣ್ಣು ತನ್ನಿ" ಎಂದಳು. ನಾನು ಹೋದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ, ಅಲ್ಲಿ ಹೆಣಗಳಿದ್ದವು. ಬೋಗುಣಿ ಮಳೆನೀರಿಗೆ ತುಂಬಿ ಚೆಲ್ಲಿ, ಸತ್ತ ಹುಳಗಳು ಕಂಬದ ಸುತ್ತ ಕಪ್ಪು ಗಸಿಯ ಹಾಗೆ ಕೂತಿದ್ದವು. ಬೆಂಡೆ ತಿನ್ನುವವು ಮಾತ್ರ ಅಲ್ಲ. ದೊಡ್ಡ ಪತಂಗಗಳು, ಹಸಿರು ರೆಕ್ಕೆಯ ಸಣ್ಣವು, ಯಾರಿಗೂ ಏನೂ ಮಾಡದ ಎಷ್ಟೋ. ಹೀರೆಹೂ ಅರಳುವುದು ಸಂಜೆಗೆ, ಅದಕ್ಕೆ ಬಂದು ಕಾಯಿ ಕಚ್ಚಿಸುವುದು ಪತಂಗ ಎಂಬುದು ಆಗ ನೆನಪಾಯಿತು. ನಿಂಬೆಹಣ್ಣು ಕೊಯ್ದು ತಂದು ಅವಳ ಕೈಗಿಟ್ಟೆ. ಅಷ್ಟು ಸಂತೋಷದಲ್ಲಿದ್ದವಳಿಗೆ ಹೇಳುವ ಧೈರ್ಯ ಬರಲಿಲ್ಲ.

ಮಾತಾಜಿ ಬಂದರು. ಬಂದವರು ನಮ್ಮ ಬಾಗಿಲಲ್ಲೇ ನಿಂತರು. ವಿಮಲಾ ಕಲಶ ಹಿಡಿದು ನಿಂತಿದ್ದಳು. ಶುದ್ಧಿಯ ಮಾತು ಹೇಳಿ ಕರೆಯಬೇಕಾದದ್ದು ಯಜಮಾನನಾದ ನಾನು. ಅದು ಪೂರ್ತಿಯಾಗದೆ ಅವರು ಒಳಗೆ ಬರುವ ಹಾಗಿಲ್ಲ.

"ಮನಃಶುದ್ಧಿ, ವಚನಶುದ್ಧಿ, ಕಾಯಶುದ್ಧಿ..." ಎಂದೆ. ಇನ್ನುಳಿದದ್ದು 'ಆಹಾರ ಜಲ ಶುದ್ಧ' ಎಂಬ ಮಾತು. ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಅಂಗಡಿಯ ಯಂತ್ರದಲ್ಲಿ ಕಾಗದ ಸಿಕ್ಕಿದರೆ ಮುಚ್ಚಳ ತೆಗೆದು ಎಳೆಯುತ್ತೇನೆ. ಇದನ್ನು ಎಳೆಯುವುದು ಹೇಗೆ? ಮಾತಾಜಿ ಕಾದರು. ಮತ್ತೆ ಸುಮ್ಮನೆ ತಿರುಗಿ ಮುಂದಿನ ಮನೆಗೆ ನಡೆದರು.

ವಿಮಲಾ ನನ್ನನ್ನೇ ನೋಡಿದಳು. ನಾನು ಅವಳನ್ನು ನಿಂಬೆಗಿಡದ ಹತ್ತಿರ ಕರೆದುಕೊಂಡು ಹೋದೆ. ಬಗ್ಗಿ ನೋಡಿ ಹೇಳಿದಳು, "ಹುಳ ಬೀಳಬಾರದು ಅಂತ ನಾವು ದೀಪ ಹಚ್ಚುವ ಮೊದಲು ಉಣ್ಣುವುದು. ನೀವು ಬೀಳಲಿ ಅಂತಲೇ ದೀಪ ಇಟ್ಟಿರಲ್ಲ!"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಆ ದಿನ ಉಣ್ಣಲಿಲ್ಲ. ಸಿಟ್ಟು ತೀರಿಸಲು ನಿತ್ಯಾನಂದನಿಗೆ ಫೋನು ಮಾಡಿ, "ಹುಳ ಸಾಯ್ತದಲ್ಲ ಮಾರಾಯ!" ಎಂದೆ.

"ಮತ್ತೆಂತ ಅಣ್ಣ? ಹುಳದ ದೀಪಕ್ಕೆ ಆನೆ ಬೀಳ್ತದಾ?" ಎಂದ.

ದೀಪ ಕಿತ್ತು ಕೊಟ್ಟಿಗೆಗೆ ಹಾಕಿದೆ. ಹುಳಗಳು ಹೋದಷ್ಟೇ ಬೇಗ ಮರಳಿ ಬಂದವು. ಅವುಗಳ ಜೊತೆಗೆ ಸಂಜೆ ಹೀರೆಹೂವಿಗೆ ಪತಂಗಗಳೂ ಒಂದೊಂದಾಗಿ ಬರತೊಡಗಿದವು. ನಮ್ಮ ಊಟ ಮೊದಲೇ ಮುಗಿದಿರುತ್ತಿತ್ತಲ್ಲ, ಜಗಲಿಯಲ್ಲಿ ಕೂತು ಅವುಗಳ ಊಟ ನೋಡುತ್ತಿದ್ದೆವು. ವಿಮಲಾ ಮಾತು ಬೇಕಾದಷ್ಟೇ ಆಡುತ್ತಿದ್ದಳು. ಕೊನೆಗೆ ಒಂದು, ಒಂದೇ ಒಂದು ಹೀರೆಕಾಯಿ ಕಚ್ಚಿತು.

ದೀಪಾವಳಿ ಬಂತು, ಮಾತಾಜಿ ಹೊರಡುವ ಹೊತ್ತಾಯಿತು. ವಿಮಲಾ ಹೀರೆಕಾಯಿ ಕೊಯ್ದಳು. ಕೆಳಗಿನ ಅರ್ಧದಲ್ಲಿ ಹುಳ ಇತ್ತು. ಅದನ್ನು ಹಾಗೆಯೇ ಬಳ್ಳಿಯ ಬುಡದಲ್ಲಿಟ್ಟು, ಮೇಲಿನ ಅರ್ಧವನ್ನು ಮತ್ತೆ ಮತ್ತೆ ಸೀಳಿ ನೋಡಿ ಹೆಸರುಬೇಳೆಯ ಜೊತೆ ಬೇಯಿಸಿದಳು. ಆಹಾರಕ್ಕೆ ಮಾಡಿದ್ದನ್ನು ಮೊದಲು ರುಚಿ ನೋಡುವ ಹಾಗಿಲ್ಲ.

ಬಾಗಿಲಲ್ಲಿ ನಿಂತು ಈ ಸಲ ನಾನು ಎಲ್ಲವನ್ನೂ ಹೇಳಿದೆ. "ಆಹಾರ ಜಲ ಶುದ್ಧ" ಎಂದು ಕೂಗಿದ ರಭಸಕ್ಕೆ ಎದುರುಮನೆಯ ನಾಯಿ ಬೊಗಳಿತು. ಮಾತಾಜಿ ಒಮ್ಮೆ ನಮ್ಮ ಕಡೆ ನೋಡಿ, ನೆಟ್ಟಗೆ ನಡೆದು ಆಚೆಮನೆಗೆ ಹೋದರು.

ಬೀದಿ ಖಾಲಿಯಾಗುವವರೆಗೆ ವಿಮಲಾ ಕಲಶ ಇಳಿಸಲಿಲ್ಲ. ಆಮೇಲೆ ಒಳಗೆ ಬಂದು ಎರಡು ಬಟ್ಟಲು ಇಟ್ಟಳು.

"ಕೂತುಕೊಳ್ಳಿ. ಅದನ್ನು ಇನ್ನೊಮ್ಮೆ ಹೇಳಿ."

"ಯಾರಿಗೆ?"

"ನನಗೆ."

ಹೇಳಿದೆ. ಈ ಸಲ ಕೂಗಲಿಲ್ಲ. ಅವಳು ಮೊದಲ ತುತ್ತು ಬಾಯಿಗಿಟ್ಟಳು. ಮುಖ ಒಂದು ಥರ ಆಯಿತು. ನಾನೂ ತಿಂದೆ. ಹಾಗಲಕಾಯಿ ನಾಚಬೇಕು, ಅಷ್ಟು ಕಹಿ.

"ಪಾಪ, ಮಾತಾಜಿ ಮೌನದಲ್ಲಿ ಇದನ್ನು ನುಂಗಬೇಕಿತ್ತು" ಎಂದು ವಿಮಲಾ ನಗತೊಡಗಿದಳು. ಎಷ್ಟೋ ದಿನಗಳ ಮೇಲೆ ಆ ನಗು ಕೇಳಿ ನನಗೆ ಕಣ್ಣು ತುಂಬಿತು. ಕಹಿಗೆ ಎಂದು ಹೇಳಿ ಒರೆಸಿಕೊಂಡೆ. ಬಿಸಾಡುವುದಿಲ್ಲ ಎಂದು ಇಬ್ಬರೂ ಕೂತು ತಿಂದು ಮುಗಿಸಿದೆವು.

ಸಂಜೆ ಬಳ್ಳಿಯ ಬುಡದಲ್ಲಿ ನೋಡಿದರೆ, ಹುಳ ತನ್ನ ಪಾಲನ್ನು ಅರ್ಧಕ್ಕೇ ಬಿಟ್ಟು ಹೋಗಿತ್ತು.