ಕಾಣದ ಎರಡನೆಯ ಸಾಲು

ಸಾರಿಕಾ ಮಠಪತಿ ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಮನೆಯಲ್ಲೇ ಕೂತು ಮೊಬೈಲ್ ಆ್ಯಪ್ ಮಾಡುವವಳು. ತಂದೆ ರೇವಣಸಿದ್ಧಯ್ಯ ಮನೆಮನೆಗೆ ಹೋಗಿ ಪೂಜೆ ಮಾಡುತ್ತಾರೆ. ಪರಿಚಯದ ದನದ ಡಾಕ್ಟರರೊಬ್ಬರು ಕೇಳಿದ್ದರಿಂದ ಕುರಿ ಸಾಕುವವರಿಗಾಗಿ ಮರಾಠಿ, ಕನ್ನಡ ಎರಡರಲ್ಲೂ ಔಷಧದ ಮಾಹಿತಿ ಕೊಡುವ ಆ್ಯಪ್ ಮಾಡಿದಳು. ಒಂದೊಂದು ಔಷಧಕ್ಕೆ ಒಂದೊಂದು ಹಸಿರು ಚೌಕ, ಎಲ್ಲವೂ ಒಂದೇ ಎತ್ತರ. ಆ ಚೌಕವನ್ನು ತಾನೇ ರೂಪಿಸಿದ್ದೆಂದು ಅವಳಿಗೆ ಜಂಬವಿತ್ತು.

ಹತ್ತಿರದ ಮುರುಮ ಊರಿನ ಕುರಿಗಾರ ಉಮಾಕಾಂತ ಒಮ್ಮೆ ಫೋನ್ ಮಾಡಿ, "ಅಕ್ಷರ ದೊಡ್ಡದು ಮಾಡಿದ್ರ ಕೆಳಗಿಂದು ಕಾಣವಲ್ದು ನೋಡ್ರಿ" ಎಂದಿದ್ದ.

"ನಿಮ್ಮ ಫೋನ್ ಹಳೇದದರಿ" ಎಂದು ಸಾರಿಕಾ ಮಾತು ಮುಗಿಸಿದ್ದಳು.

ಎರಡು ತಿಂಗಳಾದ ಮೇಲೆ ಡಾಕ್ಟರರು ಕರೆ ಮಾಡಿದರು. ಅದೇ ಮುರುಮದ ಗುಂಡಮ್ಮ ಆ್ಯಪ್ ನೋಡಿ ಔಷಧ ಕುಡಿಸಿದ್ದಳು, ಎರಡು ಗಬ್ಬದ ಕುರಿ ಕಂದು ಹಾಕಿದ್ದವು. ಸಾರಿಕಾ ಅಂದೇ ಹೋದಳು.

ಗುಂಡಮ್ಮ ಕಂಬಳಿ ಹಾಸಿ ಕೂರಿಸಿ ಫೋನ್ ಕೊಟ್ಟಳು. ಕಣ್ಣು ಮಂಜೆಂದು ಅಕ್ಷರ ದೊಡ್ಡದು ಮಾಡಿಕೊಂಡಿದ್ದಳು. ಚೌಕದಲ್ಲಿ 'ಗಬ್ಬದ ಕುರಿಗೆ ಈ ಔಷಧ' ಎಂದಷ್ಟೇ ಇತ್ತು. 'ಕೊಡಬೇಡಿ' ಎಂಬುದು ಎರಡನೆಯ ಸಾಲಿಗಿಳಿದು ಚೌಕದಾಚೆ ಕತ್ತರಿಸಿಹೋಗಿತ್ತು.

"ನಾ ನಾಕನೇ ಇಯತ್ತೆ ತನಕಾ ಕಲ್ತಾಕಿರಿ. ಬರೋಬ್ಬರಿ ಓದಾಕ ಬರಲಿಲ್ಲ. ನಂದೇ ಚೂಕ, ನಂದೇ ತಪ್ಪು" ಎಂದಳು ಗುಂಡಮ್ಮ.

ಸಾರಿಕಾಳ ಬಾಯಿಂದ ಬಂದದ್ದು ಇಷ್ಟೇ: "ಹೌದ್ರಿ ಮಾವಶಿ, ಪೂರ್ತಿ ನೋಡಿ ಕುಡಿಸಬೇಕಿತ್ತು."

ಗುಂಡಮ್ಮ ಕೊಟ್ಟ ಚಹಾವನ್ನೂ ಕುಡಿದೇ ಎದ್ದು ಬಂದಳು.

ಮನೆಗೆ ಬಂದು ಚೌಕಕ್ಕೆ ಕಟ್ಟಿಟ್ಟಿದ್ದ ಎತ್ತರದ ಅಳತೆ ತೆಗೆದುಹಾಕಿದಳು. ಅಕ್ಷರ ಬೆಳೆದಂತೆ ಚೌಕವೂ ಬೆಳೆಯಿತು. 'ಕೊಡಬೇಡಿ' ಎಂಬುದನ್ನು ಮೊದಲ ಸಾಲಿಗೇ ತಂದು ಕೆಂಪು ಮಾಡಿದಳು. ಅರ್ಧ ತಾಸೂ ಹಿಡಿಯಲಿಲ್ಲ. ಇಷ್ಟು ಸಣ್ಣ ಕೆಲಸ ಎಂಬುದೇ ಅವಳನ್ನು ಸುಟ್ಟಿತು. ಊಟಕ್ಕೆ ಕರೆದ ತಂದೆಯ ಮುಖ ನೋಡಲಾಗಲಿಲ್ಲ.

ಮರುದಿನ ಮತ್ತೆ ಮುರುಮಕ್ಕೆ ಹೋದಳು.

"ಮಾವಶಿ, ನೀವು ಬರೋಬ್ಬರಿನೇ ಓದೀರಿ. ಬ್ಯಾಡ ಅನ್ನೂದು ನಾ ಮಾಡಿದ ಚೌಕದಾಗ ಮುಚ್ಚಿಹೋಗಿತ್ತು. ಚೂಕ ನಂದು."

ಗುಂಡಮ್ಮ ಅವಳ ಮುಖವನ್ನೇ ದಿಟ್ಟಿಸಿದಳು. "ನಿನ್ನಿ ಗೊತ್ತಿತ್ತೇನು?"

"ಗೊತ್ತಿತ್ರಿ. ನಾಚಿಕಿ ಆಗಿ ಹೇಳಲಿಲ್ಲ."

"ಎಂಟು ದಿನದಿಂದ ಮನಿ ಮಂದಿ ಎಲ್ಲಾ ನನಗ ಅಡಾಣಿ, ಓದಾಕ ಬರದಾಕಿ ಅನ್ಲಿಕ್ಕತ್ತಾರ." ಗುಂಡಮ್ಮ ಒಳಗಿದ್ದ ಸೊಸೆಯನ್ನು ಕೂಗಿದಳು. "ಶೀತಲ, ಹೊರಗ ಬಾ. ನಿನ್ನ ಗಂಡಗೂ ಕರಿ." ಇಬ್ಬರೂ ಬಂದು ನಿಂತರು. "ಹಾಂ, ಈಗ ಇನ್ನೊಮ್ಮೆ ಹೇಳವ್ವ."

ಸಾರಿಕಾ ನೆಲ ನೋಡುತ್ತಲೇ ಮೊದಲಿನಿಂದ ಹೇಳಿದಳು.